ಹಾಲಿಗೆ ದಿನಕ್ಕೆರಡು ಸಲ, ನೀರಿಗೆ ತಿಂಗಳಿಗೊಂದು ಸಲ

ಗೆ,
ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿಯವರು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು.

ಮಾನ್ಯರೇ,

ನಮ್ಮ ಊರು ಬೈರಮಂಗಲ ಕೆರೆಯ ಕೆಳಗಿದೆ. ಬೆಳಿಗ್ಗೆ ಆರು ಗಂಟೆಗೆ ಡೇರಿ ಮುಂದೆ ಕ್ಯಾನುಗಳ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ನಮ್ಮ ಅಕ್ಕನೂ ಇರುತ್ತಾಳೆ. ಅವಳ ಹತ್ತಿರ ಎರಡು ಸೀಮೆ ಹಸು ಇವೆ. ಡೇರಿ ಸೆಕ್ರೆಟರಿ ಅವಳ ಹಾಲಿನಿಂದ ಒಂದಿಷ್ಟು ತೆಗೆದು ಮಿಷನ್ನಿಗೆ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ಅಂಕಿ ಬರುತ್ತದೆ. ಅಕ್ಕ ಓದು ಬಲ್ಲವಳಲ್ಲ. ಆದರೆ ಆ ಅಂಕಿ ಮಾತ್ರ ದೂರದಿಂದಲೇ ಓದುತ್ತಾಳೆ. ಸಂಜೆ ಮತ್ತೆ ಅದೇ ಸಾಲು, ಅದೇ ಮಿಷನ್ನು. ಯಾರಾದರೂ ಒಂದು ಚೊಂಬು ನೀರು ಬೆರೆಸಿದ್ದರೆ ಅಲ್ಲೇ ಮುಖ ಸಣ್ಣದಾಗುತ್ತದೆ.

ಆ ಹಸುಗಳು ತಿನ್ನುವ ಸೀಮೆಹುಲ್ಲು ಬೆಳೆಯುವುದು ವೃಷಭಾವತಿ ನದಿಯ ನೀರಿನಲ್ಲಿ. ಹಾಲಿಗೆ ದಿನಕ್ಕೆರಡು ಸಲ ಪರೀಕ್ಷೆ. ನದಿಗೆ ತಿಂಗಳಿಗೊಂದು ಸಲ ಬಾಟ್ಲಿ ಅದ್ದುವುದು. ಈ ಪತ್ರ ಬರೆಯಲು ಕೂತದ್ದು ಇಷ್ಟಕ್ಕೇ: ನದಿಯ ದಡದಲ್ಲೂ ಹಗಲು ರಾತ್ರಿ ನೀರು ನೋಡುವ, ಬೆಳಕಿನಿಂದ ಅಳೆಯುವ ಸೆನ್ಸರ್ ಇಟ್ಟು ನೋಡಿ ಅಂತ ಕೇಳಲು.

ತಿಂಗಳ ಪರೀಕ್ಷೆಯನ್ನು ನಾನು ಹಗುರ ಮಾಡುತ್ತಿಲ್ಲ. ನಿಮ್ಮ ಪ್ರಯೋಗಾಲಯದವರು ಮಾಡುವ ಕೆಲಸ ಕಷ್ಟದ್ದು. ಬಿಒಡಿ, ಅಂದರೆ ನೀರಿನ ಕೊಳೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಅದೊಂದನ್ನೇ ನೋಡಿ. 27 ಡಿಗ್ರಿಯಲ್ಲಿ ಮೂರು ದಿನ ಇಟ್ಟ ಮೇಲೆಯೇ ಅದರ ಉತ್ತರ. ಅವಸರ ಮಾಡಿದರೆ ಆಗುವುದಿಲ್ಲ. ಆದರೆ ಬಾಟ್ಲಿಗೆ ಗೊತ್ತಿರುವುದು ಅದನ್ನು ಅದ್ದಿದ ಆ ಗಳಿಗೆ ಮಾತ್ರ. ತಿಂಗಳಿಗೆ ಏಳುನೂರಕ್ಕೂ ಜಾಸ್ತಿ ಗಂಟೆಗಳಿವೆ. ಉಳಿದ ಗಂಟೆಗಳಲ್ಲಿ ಏನು ಹರಿಯಿತು ಅಂತ ಕೇಳಿದರೆ ನಿಮ್ಮ ಹತ್ತಿರವೂ ಉತ್ತರವಿಲ್ಲ, ನಮ್ಮ ಹತ್ತಿರವೂ ಇಲ್ಲ.

ನದಿಯ ದಾರಿ ನಿಮಗೆ ಗೊತ್ತೇ ಇದೆ. ಆದರೂ ಪತ್ರ ಬಹಿರಂಗವಾದ್ದರಿಂದ ಬೇರೆಯವರಿಗಾಗಿ ಹೇಳುತ್ತೇನೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದಕ್ಕೆ ವೃಷಭಾವತಿ ಅಂತ ಹೆಸರು ಬಂತು ಎನ್ನುತ್ತಿದ್ದರು ನಮ್ಮ ಹಿರಿಯರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ, ನಾಯಂಡಹಳ್ಳಿ, ಕೆಂಗೇರಿ, ಕುಂಬಳಗೋಡು, ಬಿಡದಿ, ಆಮೇಲೆ ಬೈರಮಂಗಲ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಪಾಲು ನೀರೂ ಇದಕ್ಕೇ ಇಳಿಯುತ್ತದೆ. ಮುಂದೆ ಕನಕಪುರದ ಕಡೆ ಅರ್ಕಾವತಿ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರಿಗೆ ಕುಡಿಯುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ, ಅಂದರೆ ಸಂಗಮಕ್ಕಿಂತ ಮೇಲಿನಿಂದ ಹೋಗುತ್ತದೆ. ಹಾಗಾಗಿ ನಗರ ಬಿಟ್ಟದ್ದು ನಗರಕ್ಕೆ ತಿರುಗಿ ಬರುವುದಿಲ್ಲ. ನಮಗೆ ಬರುತ್ತದೆ. ಬೆಂಗಳೂರಿನವರು ಇದನ್ನು ಕೆಂಗೇರಿ ಮೋರಿ ಅನ್ನುತ್ತಾರೆ. ನಮ್ಮ ಕಡೆ ಇನ್ನೂ ಹೊಳೆ ಅಂತಲೇ ಕರೆಯುತ್ತಾರೆ. ಹೊಳೆ ನೀರಲ್ಲಿ ಹಿಪ್ಪುನೇರಳೆ, ಬೇಬಿ ಕಾರ್ನ್, ಸೀಮೆಹುಲ್ಲು, ತೆಂಗು.

ಕೊಳಚೆ ಕಣ್ಣಿಗೆ ಕಾಣುತ್ತದೆ, ಮೂಗಿಗೂ ಬಡಿಯುತ್ತದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಬಂದಾಗ, 2015ರಲ್ಲಿ ಮತ್ತೆ 2017ರಲ್ಲಿ ಆ ಕೆರೆಗೇ ಬೆಂಕಿ ಹತ್ತಿದಾಗ, ಇಡೀ ದೇಶ ನೋಡಿತು. ಕಾರ್ಖಾನೆಗಳ ನೀರಿನಲ್ಲಿ ಕರಗಿ ಬರುವ ಲೋಹ ಹಾಗಲ್ಲ. ಅದು ನಾರುವುದಿಲ್ಲ, ನೊರೆ ಬರಿಸುವುದಿಲ್ಲ. ಸುಮ್ನೆ ಹರಿದು ಹೋಗುತ್ತದೆ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಗೆಳೆಯನ ಮನೆಗೆ ಹೋಗಿದ್ದೆ. ಅವನ ಮನೆ ಒಂದು ಕೈಗಾರಿಕಾ ಪ್ರದೇಶದ ಅಂಚಿನಲ್ಲಿ, ರಾಜಕಾಲುವೆ ಪಕ್ಕ. ಊಟ ಮಾಡಿ ಹೊರಗೆ ಬಂದಾಗ ಕಾಲುವೆ ನೀರು ಹಳದಿ ಕಂಡಿತು. ಬೀದಿದೀಪದ ಹಳದಿಯೋ ನೀರಿನದ್ದೇ ಹಳದಿಯೋ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ನೀರೇ ಹಳದಿ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಎಂದಿನ ಕಪ್ಪು. ರಾತ್ರಿಯೇ ಒಂದು ನೀರಿನ ಬಾಟ್ಲಿಯಲ್ಲಿ ತುಂಬಿಸಿಕೊಂಡಿದ್ದೆನಾದ್ದರಿಂದ ದೊಡ್ಡ ಸಾಕ್ಷಿ ಸಿಕ್ಕಿತು ಅಂದುಕೊಂಡೆ. ಮಧ್ಯೆ ಹಬ್ಬದ ರಜ ಬಂತು. ಮೂರು ದಿನ ಬಿಟ್ಟು ಪರಿಚಯದ ಕೆಮಿಸ್ಟ್ರಿ ಮೇಡಂ ಒಬ್ಬರ ಲ್ಯಾಬಿಗೆ ತೆಗೆದುಕೊಂಡು ಹೋದೆ.

ಅವರು ಒಂದಿಷ್ಟು ಆಸಿಡ್ ಹಾಕಿ, ಡೈಫಿನೈಲ್ ಕಾರ್ಬಜೈಡ್ ಅನ್ನುವ ದ್ರಾವಣದ ಕೆಲವು ಹನಿ ಬಿಟ್ಟರು. ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಆ ಲೋಹದ ವಿಷಕಾರಿ ರೂಪವಾದ ಕ್ರೋಮಿಯಂ-6 ಇದ್ದರೆ ನೀರು ನೇರಳೆ ಬಣ್ಣಕ್ಕೆ ತಿರುಗಬೇಕು. ತಿರುಗಲಿಲ್ಲ. "ಎಷ್ಟು ದಿನ ಆಯ್ತು ಸಾರ್?" ಅಂದರು. ಮೂರು ದಿನ ಅಂದೆ. ಅವರು ನಕ್ಕರು. ಕೊಳಚೆಯಲ್ಲಿರುವ ಕಸ ಕಡ್ಡಿ, ಸಾವಯವ ವಸ್ತು ಎಲ್ಲ ಸೇರಿ ಕ್ರೋಮಿಯಂ-6 ಅನ್ನು ಕ್ರೋಮಿಯಂ-3 ಮಾಡಿಬಿಡುತ್ತವಂತೆ. ತಣ್ಣಗಿಟ್ಟು ಒಂದು ದಿನದೊಳಗೆ ಪರೀಕ್ಷೆ ಮಾಡಬೇಕಿತ್ತು. ಆ ರಾತ್ರಿಯ ಹಳದಿ ಕ್ರೋಮಿಯಮ್ಮೋ ಬೇರೆ ಯಾವುದೋ ಬಣ್ಣವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಯಾರ ಮೇಲೂ ನನ್ನ ದೂರಿಲ್ಲ. ಭೌತಶಾಸ್ತ್ರದ ಮೇಷ್ಟ್ರು ರಸಾಯನಶಾಸ್ತ್ರದಲ್ಲಿ ಫೇಲಾದ ಕಥೆ ಇದು, ಅಷ್ಟೇ.

ಆದರೆ ಅವತ್ತಿನಿಂದ ಒಂದು ಯೋಚನೆ ತಲೆಯಲ್ಲಿ ಕೂತಿತು. ನೀರನ್ನು ಪರೀಕ್ಷೆಯ ಹತ್ತಿರ ಒಯ್ಯುವ ಬದಲು ಪರೀಕ್ಷೆಯನ್ನೇ ನೀರಿನ ಹತ್ತಿರ ತಂದು ಕೂರಿಸಿದರೆ?

ಇಲ್ಲಿಂದ ಮುಂದೆ ಸ್ವಲ್ಪ ಪಾಠ. ಕ್ಷಮಿಸಿ, ಮೂವತ್ತು ವರ್ಷದ ಅಭ್ಯಾಸ ಬಿಡುವುದಿಲ್ಲ.

ಆಪ್ಟಿಕಲ್ ಫೈಬರ್ ಅಂದರೆ ನಮ್ಮ ಜನಕ್ಕೆ ರಸ್ತೆ ಅಗೆಯುವ ಓಎಫ್‌ಸಿ. ಡಾಂಬರು ಹಾಕಿದ ವಾರಕ್ಕೆ ಬಂದು ಗುಂಡಿ ತೋಡುವವರು. ಆ ಕೇಬಲ್ಲಿನ ಒಳಗಿರುವುದು ಗಾಜಿನ ಎಳೆ. ದಪ್ಪ ಮಿಲಿಮೀಟರಿನ ಎಂಟರಲ್ಲಿ ಒಂದು ಪಾಲು, ಕೂದಲಿಗಿಂತ ಒಂಚೂರು ದಪ್ಪ. ನಡುವೆ ಒಂದು ತಿರುಳು, ಅದರ ಸುತ್ತ ಇನ್ನೊಂದು ಬಗೆಯ ಗಾಜಿನ ಹೊದಿಕೆ. ತಿರುಳಿಗೆ ಬಿಟ್ಟ ಬೆಳಕು ಹೊದಿಕೆಯ ಗೋಡೆಗೆ ಓರೆಯಾಗಿ ಬಡಿದು, ಮತ್ತೆ ಒಳಗೇ ಪುಟಿದು, ಪುಟಿಯುತ್ತಾ ಪುಟಿಯುತ್ತಾ ಮೈಲುಗಟ್ಟಲೆ ಹೋಗುತ್ತದೆ.

ಇದನ್ನು ಕ್ಲಾಸಿನಲ್ಲಿ ತೋರಿಸಲು ನನಗೆ ಬೇಕಾದದ್ದು ಒಂದು ಪ್ಲಾಸ್ಟಿಕ್ ಬಾಟ್ಲಿ, ಒಂದು ಹಸಿರು ಲೇಸರ್ ಪಾಯಿಂಟರ್. ಬಾಟ್ಲಿಯ ಕೆಳಗೆ ಸಣ್ಣ ತೂತು. ನೀರು ಬಿಲ್ಲಿನ ಹಾಗೆ ಬಾಗಿ ಬಕೆಟ್ಟಿಗೆ ಬೀಳುತ್ತದೆ. ಹಿಂದಿನಿಂದ ತೂತಿಗೆ ಲೇಸರ್ ಹಿಡಿದರೆ ಬೆಳಕು ನೆಟ್ಟಗೆ ಹೋಗದೆ ನೀರಿನ ಜೊತೆಗೇ ಬಾಗುತ್ತದೆ. ನೀರಿಗೆ ಅಂಗೈ ಒಡ್ಡಿದರೆ ಅಂಗೈ ಮೇಲೆ ಹಸಿರು ಚುಕ್ಕೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ 1854ರಲ್ಲಿ ಇದನ್ನೇ ತೋರಿಸಿದ್ದ, ಲೇಸರ್ ಇರಲಿಲ್ಲ ಅಷ್ಟೇ. ಸರಿಯಾಗಿ ನೂರು ವರ್ಷಕ್ಕೆ, 1954ರಲ್ಲಿ, ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ತಮ್ಮ ಗುರುವಿನ ಜೊತೆ ಸೇರಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ ಲೇಖನ ಪ್ರಕಟಿಸಿದರು.

ಆಟದ ಎರಡನೇ ಭಾಗ ನನ್ನ ಪತ್ರಕ್ಕೆ ಮುಖ್ಯ. ಬಾಟ್ಲಿ ನೀರಿಗೆ ಪೊಟ್ಯಾಷಿಯಂ ಪರ್ಮಾಂಗನೇಟಿನ ಒಂದೆರಡು ಕಾಳು ಹಾಕುತ್ತಿದ್ದೆ. ನೀರು ನೇರಳೆಯಾಗುತ್ತಿತ್ತು. ಅಂಗೈ ಮೇಲಿನ ಹಸಿರು ಚುಕ್ಕೆ ಮಂಕಾಗಿ ಮಾಯವಾಗುತ್ತಿತ್ತು. ನೇರಳೆ ಅಂದರೆ ಹಸಿರನ್ನು ನುಂಗುವ ಬಣ್ಣ. ಮಕ್ಕಳು "ಸಾರ್ ಬ್ಯಾಟರಿ ಹೋಯ್ತು" ಅಂತ ಕೂಗುತ್ತಿದ್ದರು. ಬ್ಯಾಟರಿ ಹೋಗಿಲ್ಲ ಕಣ್ರೋ, ನೀರಿನಲ್ಲಿ ಏನೋ ಇದೆ ಅಂತ ಬೆಳಕು ಹೇಳ್ತಾ ಇದೆ ಅನ್ನುತ್ತಿದ್ದೆ. ಫೈಬರ್ ಸೆನ್ಸರ್ ಅಂದರೆ ಬಹುಪಾಲು ಇದೇ.

ಗಾಜಿನ ಎಳೆಯಲ್ಲಿ ಬೆಳಕು ಒಳಗಿರುತ್ತದೆ, ಕೊಳಕು ನೀರು ಹೊರಗಿರುತ್ತದೆ. ಇಬ್ಬರ ಭೇಟಿ ಹೇಗೆ? ಇಲ್ಲಿ ಬೆಳಕಿನ ಒಂದು ಚಾಳಿ ನೆರವಿಗೆ ಬರುತ್ತದೆ. ಗೋಡೆಗೆ ಬಡಿದು ಹಿಂದಿರುಗುವಾಗ ಅದು ಒಂಚೂರು ಹೊರಗೆ ಇಣುಕುತ್ತದೆ. ಹೊಸ್ತಿಲು ದಾಟದೆ ಕತ್ತು ಚಾಚಿ ಬೀದಿ ನೋಡುವ ಹಾಗೆ. ಆ ಇಣುಕು ಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲೂ ಇಲ್ಲ. ಎಳೆಯ ಹೊದಿಕೆಯನ್ನು ಒಂದು ಕಡೆ ಕೆರೆದು ತೆಗೆದು ಅಲ್ಲಿ ನೀರು ತಾಗುವಂತೆ ಮಾಡಿದರೆ, ಇಣುಕಿದ ಬೆಳಕಿಗೆ ನೀರಿನಲ್ಲಿರುವ ಬಣ್ಣ ಸಿಗುತ್ತದೆ. ಬಣ್ಣ ಒಂದಿಷ್ಟು ಬೆಳಕು ನುಂಗುತ್ತದೆ. ಆ ಕಡೆ ತುದಿಯಲ್ಲಿ ಅಳೆದರೆ ಎಷ್ಟು ಕಮ್ಮಿಯಾಗಿದೆ ಅಂತ ಗೊತ್ತಾಗುತ್ತದೆ. ಎಳೆಯನ್ನು ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿದರೆ ಬೆಳಕು ಇನ್ನೂ ಜಾಸ್ತಿ ಇಣುಕುತ್ತದೆ. ಮದ್ರಾಸ್ ಐಐಟಿ, ಬಾಂಬೆ ಐಐಟಿಯವರು ಈ ಬಗ್ಗಿಸಿದ ಎಳೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಈಗ ಕೆಮಿಸ್ಟ್ರಿ ಮೇಡಂ ಲ್ಯಾಬಿನ ನೇರಳೆ ಬಣ್ಣ ನೆನಪಿಸಿಕೊಳ್ಳಿ. ಕ್ರೋಮಿಯಂ-6 ಜೊತೆ ಆ ದ್ರಾವಣ ಸೇರಿದಾಗ ಬರುವ ನೇರಳೆ ಹೆಚ್ಚಾಗಿ ನುಂಗುವುದು 540 ನ್ಯಾನೋಮೀಟರಿನ ಬೆಳಕನ್ನು. ಅದು ಹಸಿರು. ನನ್ನ ಪಾಯಿಂಟರಿನ ಹಸಿರಿಗೆ ತೀರ ಹತ್ತಿರ. ಹಸಿರು ಎಲ್‌ಇಡಿ, ಬೆಳಕು ಅಳೆಯುವ ಫೋಟೋಡಯೋಡು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ಹೊಸ ಭೌತಶಾಸ್ತ್ರವೇನೂ ಬೇಕಿಲ್ಲ.

ಎಲ್ಲ ಸೆನ್ಸರೂ ಬಣ್ಣವನ್ನೇ ನಂಬಬೇಕಾಗಿಲ್ಲ. ಎಳೆಯ ಮೇಲೆ ಚಿನ್ನದ ಅಥವಾ ಬೆಳ್ಳಿಯ ತೆಳು ಪದರ ಕೂರಿಸಿ, ಅದಕ್ಕೆ ಬೇಕಾದ ವಸ್ತುವನ್ನೇ ಹಿಡಿಯುವ ಲೇಪ ಹಚ್ಚುವ ವಿಧಾನವಿದೆ. ದೆಹಲಿ ಐಐಟಿಯಲ್ಲಿ ಇದರ ಕೆಲಸ ಬಹಳ ನಡೆದಿದೆ. ಎಳೆಯ ತಿರುಳಿನೊಳಗೇ ಅರ್ಧ ಮೈಕ್ರಾನಿಗೊಂದರಂತೆ ಸಾಲು ಗೆರೆ ಮೂಡಿಸುವುದು ಇನ್ನೊಂದು. ಆ ಗೆರೆಗಳು ಒಂದೇ ಒಂದು ತರಂಗದ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ. ಅಲ್ಲಿ ಹೊದಿಕೆಯನ್ನು ತೆಳ್ಳಗೆ ಮಾಡಿದ್ದರೆ, ಹೊರಗೆ ಏನಾದರೂ ಅಂಟಿಕೊಂಡಾಗ ಆ ತರಂಗ ಕೂದಲೆಳೆಯಷ್ಟು ಸರಿಯುತ್ತದೆ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಉಪಕರಣ ವಿಭಾಗ ಇದರಲ್ಲಿ ಪಳಗಿದೆ. ಕೊಚ್ಚಿ ವಿಶ್ವವಿದ್ಯಾಲಯದವರು 2002ರಷ್ಟು ಹಿಂದೆಯೇ ನೀರಿನಲ್ಲಿ ಅತಿ ಕಡಿಮೆ ನೈಟ್ರೈಟ್ ಪತ್ತೆ ಮಾಡುವ ಫೈಬರ್ ಸೆನ್ಸರ್ ಬಗ್ಗೆ ಬರೆದಿದ್ದರು. ನಿಮ್ಮ ಕಚೇರಿಯಿಂದ ಟಾಟಾ ಇನ್‌ಸ್ಟಿಟ್ಯೂಟಿಗೆ ಎಷ್ಟು ದೂರ? ಆಟೋದವರು ಒಪ್ಪಿದರೆ ಅರ್ಧ ಗಂಟೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಮಾರಾಟದವನಾಗುತ್ತೇನೆ. ಇನ್ನೊಂದು ಕಡೆಯನ್ನೂ ಹೇಳಬೇಕು.

ಲ್ಯಾಬಿನಲ್ಲಿ ಈ ಸೆನ್ಸರುಗಳಿಗೆ ಕುಡಿಸುವುದು ಶುದ್ಧ ನೀರು, ಅದಕ್ಕೆ ಅಳೆದು ಹಾಕಿದ ಒಂದು ಲೋಹ. ವೃಷಭಾವತಿ ಹಾಗಿಲ್ಲ. ಸೋಪು, ಎಣ್ಣೆ, ಹೂಳು, ಬಟ್ಟೆಯ ಬಣ್ಣ, ಹೆಸರಿಲ್ಲದ ಇನ್ನೇನೋ. ಗಾಜಿನ ಎಳೆಯನ್ನು ಅದರಲ್ಲಿ ಅದ್ದಿಟ್ಟರೆ ಕೆಲವೇ ದಿನಕ್ಕೆ ಅದರ ಮೇಲೆ ಲೋಳೆ ಕಟ್ಟುತ್ತದೆ. ಮನೆ ಸಂಪಿನ ಗೋಡೆಗೆ ಕೈ ಆಡಿಸಿ ನೋಡಿ, ಅದೇ ಜಾರು. ಲೋಳೆ ಕಟ್ಟಿದರೆ ಇಣುಕುವ ಬೆಳಕಿಗೆ ನೀರು ಸಿಗುವುದೇ ಇಲ್ಲ, ಲೋಳೆ ಸಿಗುತ್ತದೆ. ಮೇಲಾಗಿ ಬಿಸಿಲು. ಆ ಗೆರೆ ಮೂಡಿಸಿದ ಎಳೆ ಒಂದು ಡಿಗ್ರಿ ಉಷ್ಣತೆ ಏರಿದರೂ ಅಲುಗುತ್ತದೆ. ಮಧ್ಯಾಹ್ನದ ಬಿಸಿಯನ್ನೇ ವಿಷ ಅಂತ ಓದಿಬಿಡಬಹುದು. ಲೋಹ ಹಿಡಿಯುವ ಲೇಪಕ್ಕೂ ಆಯಸ್ಸಿದೆ. ಒಮ್ಮೆ ಹಿಡಿದದ್ದನ್ನು ತೊಳೆದು ಬಿಡಿಸದಿದ್ದರೆ ಎರಡನೇ ಸಲ ಹಿಡಿಯುವುದಿಲ್ಲ.

ಇವಕ್ಕೆಲ್ಲ ದಾರಿಯಿಲ್ಲ ಅಂತಲ್ಲ. ಎಳೆಯನ್ನು ನದಿಗೆ ಹಾಕುವುದು ಬೇಡ, ದಡದಲ್ಲಿ ಒಂದು ಸಣ್ಣ ಪೆಟ್ಟಿಗೆ ಇಟ್ಟು, ಸೋಸಿದ ನೀರಿಗೆ ಮೇಡಂ ಹಾಕಿದ ಆ ಆಸಿಡ್, ದ್ರಾವಣ ಬೆರೆಸಿ ಅದರೊಳಗೆ ಹರಿಸಬಹುದು. ಹಸಿರಿನ ಜೊತೆ ನೇರಳೆ ಬಣ್ಣ ನುಂಗದ ಕೆಂಪು ಬೆಳಕನ್ನೂ ಬಿಟ್ಟರೆ, ಎರಡೂ ಮಂಕಾದಾಗ ಅದು ಕೊಳೆ, ಹಸಿರು ಮಾತ್ರ ಮಂಕಾದಾಗ ಅದು ಕ್ರೋಮಿಯಂ ಅಂತ ಬೇರೆ ಮಾಡಬಹುದು. ಪಕ್ಕದಲ್ಲಿ ಒಂದು ಥರ್ಮಾಮೀಟರ್. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಬಂದು ತೊಳೆದು, ಗೊತ್ತಿರುವ ದ್ರಾವಣ ಹಾಕಿ ಅಳತೆ ಸರಿಯಿದೆಯಾ ಅಂತ ನೋಡುವ ಒಬ್ಬ ಮನುಷ್ಯ. ಟೆಂಡರುಗಳಲ್ಲಿ ಮಿಷನ್ನಿಗೆ ದುಡ್ಡಿರುತ್ತದೆ, ಈ ಮನುಷ್ಯನಿಗೆ ಇರುವುದಿಲ್ಲ. ನಮ್ಮ ಊರುಗಳಲ್ಲಿ ಕೆಟ್ಟು ನಿಂತ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲಿ ಇಡಬೇಕು ಅನ್ನುವುದರಲ್ಲಿ ನನ್ನ ಪೆದ್ದುತನವೇ ನನಗೆ ಪಾಠ ಕಲಿಸಿತು. ಕ್ರೋಮಿಯಂ-6 ಕೊಳಚೆಯ ಜೊತೆ ಹರಿಯುತ್ತಾ ಬದಲಾಗಿಬಿಡುತ್ತದೆ. ಬೈರಮಂಗಲದ ತೂಬಿನಲ್ಲಿ ಕೂತು ಅದಕ್ಕೆ ಕಾದರೆ ಅದು ಬರುವಾಗ ವೇಷ ಬದಲಿಸಿ ಬಂದಿರುತ್ತದೆ. ಅದನ್ನು ಹಿಡಿಯುವುದಾದರೆ ಮೇಲೆಯೇ ಹಿಡಿಯಬೇಕು. ಪೀಣ್ಯದಿಂದ, ಕುಂಬಳಗೋಡಿನಿಂದ ಇಳಿಯುವ ನಾಲೆಗಳು ದೊಡ್ಡ ಕಾಲುವೆಗೆ ಕೂಡುವ ಬಾಯಿಯಲ್ಲಿ. ಪೀಣ್ಯದ ಅಂತರ್ಜಲದಲ್ಲಿ ಈ ಲೋಹ ಕಂಡದ್ದು ಹೊಸ ಸುದ್ದಿಯೇನಲ್ಲ.

2014ರ ಫೆಬ್ರವರಿಯಲ್ಲಿ ಕೇಂದ್ರ ಮಂಡಳಿ 17 ಬಗೆಯ ಹೆಚ್ಚು ಮಾಲಿನ್ಯದ ಉದ್ದಿಮೆಗಳು ಆನ್‌ಲೈನ್ ಮಾಪಕ ಹಾಕಿಕೊಳ್ಳಬೇಕು ಅಂತ ಆದೇಶ ಮಾಡಿತ್ತಲ್ಲ, ಅದು ಸಾಲದೇ ಅಂತ ನೀವು ಕೇಳಬಹುದು. ಸಾಲದು. ಆ 17ರಲ್ಲಿ ಸಕ್ಕರೆ ಇದೆ, ಸಿಮೆಂಟಿದೆ, ಚರ್ಮ ಹದ ಮಾಡುವುದಿದೆ. ಕ್ರೋಮಿಯಂ ಬಳಸಿ ಲೋಹದ ಸಾಮಾನಿಗೆ ಹೊಳಪಿನ ಲೇಪ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಇಲ್ಲ. ಇನ್ನೊಂದು ಮಾತು. ಆ ಮಾಪಕ ಇರುವುದು ಕಾರ್ಖಾನೆಯ ಕಾಂಪೌಂಡಿನ ಒಳಗೆ, ಸಂಸ್ಕರಣೆ ಮುಗಿದ ನೀರು ಹೊರಗೆ ಬೀಳುವ ಪೈಪಿನಲ್ಲಿ. ಅದನ್ನು ನೋಡಿಕೊಳ್ಳುವವರೂ ಕಾರ್ಖಾನೆಯವರೇ. ನೀರು ಬೇರೆ ಪೈಪಿನಲ್ಲಿ ಹೋದರೆ, ಇಲ್ಲ ರಾತ್ರಿ ಟ್ಯಾಂಕರಿನಲ್ಲಿ ಬಂದು ಕಾಲುವೆಗೆ ಬಿದ್ದರೆ, ಆ ಮಾಪಕಕ್ಕೆ ಏನು ತಿಳಿಯುತ್ತದೆ? ಮನೆ ಬಾಗಿಲ ಮುಂದಿನ ಕ್ಯಾಮೆರಾಕ್ಕೆ ಹಿತ್ತಿಲು ಕಾಣುವುದಿಲ್ಲ. ಊರ ಕಾಲುವೆಗೆ ಊರ ಮಾಪಕವೇ ಬೇಕು.

ಪ್ಲೇಟಿಂಗ್ ಮಾಡುವವರ ಬಗ್ಗೆ ಒಂದು ಮಾತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅದೇ ಕೆಲಸದಲ್ಲಿದ್ದಾರೆ. ಶೆಡ್ಡಿನಲ್ಲಿ ಎಂಟ್ಹತ್ತು ಜನ, ಸಾಲು ತೊಟ್ಟಿಗಳು, ಮೂಗು ಸುಡುವ ಹೊಗೆ. ಕ್ರೋಮಿಯಂ ನೀರನ್ನು ಸರಿ ಮಾಡುವ ವಿಧಾನ ಅವರಿಗೆ ಗೊತ್ತು. ಆಸಿಡ್ ಹಾಕಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಕ್ರೋಮಿಯಂ-6 ಅನ್ನು 3 ಮಾಡಬೇಕು. ಆಮೇಲೆ ಸುಣ್ಣ ಹಾಕಿದರೆ ಹಸಿರು ಕೆಸರಾಗಿ ತಳಕ್ಕೆ ಕೂರುತ್ತದೆ. ಕೆಲಸ ಪೂರ್ತಿ ಆಯಿತಾ ಇಲ್ಲವಾ ಅಂತ ಅವರು ನೋಡುವುದು ಕಣ್ಣಂದಾಜಿನಲ್ಲಿ. ಹಳದಿ ಹೋಯಿತು ಅಂದರೆ ಆಯಿತು. ನದಿಗೆ ಬಿಡುವ ನೀರಿನಲ್ಲಿ ಕ್ರೋಮಿಯಂ-6 ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ನಿಯಮ. ಕುಡಿಯುವ ನೀರಿನಲ್ಲಾದರೆ ಒಟ್ಟು ಕ್ರೋಮಿಯಮ್ಮೇ 0.05 ದಾಟುವಂತಿಲ್ಲ. ಅಷ್ಟು ಕಮ್ಮಿಯನ್ನು ಯಾವ ಕಣ್ಣೂ ಕಾಣಲಾರದು. ಅದೇ ಸೆನ್ಸರಿನ ಸಣ್ಣ ತಮ್ಮನೊಬ್ಬ ಅವರ ತೊಟ್ಟಿಯ ಪಕ್ಕ ಇದ್ದರೆ ಅವರಿಗೂ ಕೆಮಿಕಲ್ ಉಳಿಯುತ್ತದೆ. ಎಲ್ಲರೂ ಬೇಕಂತಲೇ ಬಿಡುತ್ತಾರೆ ಅಂತ ನಾನು ನಂಬುವುದಿಲ್ಲ.

ಕಾನೂನಿನ ವಿಚಾರಕ್ಕೆ ಬರುತ್ತೇನೆ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ, ಕೋರ್ಟಿನಲ್ಲಿ ನಿಲ್ಲುವ ಮಾದರಿ ತೆಗೆಯಬೇಕಾದರೆ ಮಾಲೀಕರಿಗೆ ನೋಟಿಸ್ ಕೊಡಬೇಕು, ಮಾದರಿಯನ್ನು ಎರಡು ಪಾಲು ಮಾಡಬೇಕು, ಸೀಲ್ ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು. ದಡದ ಪೆಟ್ಟಿಗೆಯ ಅಂಕಿ ಇದಕ್ಕೆ ಸಮ ಆಗುವುದಿಲ್ಲ. ಇದೇ ಕಾರಣಕ್ಕೆ "ಸೆನ್ಸರಿನ ಅಂಕಿ ತಗೊಂಡು ಏನು ಮಾಡೋದು" ಅಂತ ಕೇಳುವವರಿದ್ದಾರೆ. ನಾಯಿ ಬೊಗಳಿದರೆ ಕಳ್ಳ ಅಂತ ಯಾವ ಕೋರ್ಟೂ ತೀರ್ಮಾನ ಮಾಡುವುದಿಲ್ಲ. ಹಾಗಂತ ನಾಯಿ ಸಾಕುವುದನ್ನು ಯಾರಾದರೂ ಬಿಟ್ಟಿದ್ದಾರಾ? ಅದು ಬೊಗಳಿದಾಗ ಮನೆಯವರು ಎದ್ದು ದೀಪ ಹಾಕುತ್ತಾರೆ. ರಾತ್ರಿ ಎರಡು ಗಂಟೆಗೆ ಪೆಟ್ಟಿಗೆ ಬೊಗಳಿದರೆ ಅಲ್ಲೇ ಇರುವ ಪಂಪು ತಾನಾಗಿ ಒಂದು ಬಾಟ್ಲಿ ತುಂಬಿ ತಣ್ಣಗೆ ಇಡಲಿ. ಬೆಳಿಗ್ಗೆ ನಿಮ್ಮವರು ಬಂದು ಒಯ್ಯಲಿ. ಒಂದು ನಾಲೆಯ ಬಾಯಿಯಲ್ಲಿ ವಾರಕ್ಕೆ ಮೂರು ಸಲ ಅದೇ ಹೊತ್ತಿಗೆ ಬೊಗಳಿದರೆ ನಾಲ್ಕನೇ ಸಲ ಅಧಿಕಾರಿಗಳು ನೋಟಿಸಿನ ಸಮೇತ ಆ ನಾಲೆಯ ಮೇಲೆ ನಡೆದು ಹೋಗಲಿ. ಎಲ್ಲಿ ಯಾವಾಗ ಹೋಗಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ, ಅಲ್ವಾ?

ಹಾಗಾದರೆ ಏನು ಕೇಳುತ್ತಿದ್ದೇನೆ? ಇಡೀ ರಾಜ್ಯಕ್ಕೆ ಸೆನ್ಸರ್ ಹಾಕಿ ಅಂತಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡ ಟೆಂಡರ್ ಕರೆದರೆ ಹೊರಗಿನಿಂದ ಹೊಳೆಯುವ ಪೆಟ್ಟಿಗೆಗಳು ಬರುತ್ತವೆ, ಉದ್ಘಾಟನೆ ಆಗುತ್ತದೆ, ಮುಂಗಾರಿನ ಮೊದಲ ನೆರೆಗೆ ಅರ್ಧ ಕೊಚ್ಚಿ ಹೋಗುತ್ತವೆ. ನಾಲ್ಕೈದು ಜಾಗ ಸಾಕು. ಎರಡು ನಾಲೆಯ ಬಾಯಿ, ಕೆಂಗೇರಿಯ ಹತ್ತಿರ ಒಂದು, ಬೈರಮಂಗಲಕ್ಕೆ ನೀರು ಬೀಳುವಲ್ಲಿ ಒಂದು. ಒಂದು ಪೂರ್ತಿ ವರ್ಷ, ಮಳೆಗಾಲ ಸೇರಿಸಿ. ಟಾಟಾ ಇನ್‌ಸ್ಟಿಟ್ಯೂಟಿನವರನ್ನೋ ಐಐಟಿಯವರನ್ನೋ ಕರೆದು ಅವರ ಎಳೆಗಳನ್ನು ನಿಜವಾದ ಕೊಳಚೆಯಲ್ಲಿ ನಿಲ್ಲಿಸಿ. ಪಕ್ಕದಲ್ಲೇ ನಿಮ್ಮ ಲ್ಯಾಬಿನ ಬಾಟ್ಲಿಯೂ ಇರಲಿ, ತಾಳೆ ನೋಡಲು. ಕೆಳಗಿನ ಜಾಗಗಳಲ್ಲಿ ಕ್ರೋಮಿಯಂ ಹಿಂದೆ ಬೀಳದೆ ಆಮ್ಲೀಯತೆ, ಕರಗಿದ ಆಮ್ಲಜನಕ, ಉಪ್ಪಿನಂಶ ಅಳೆದರೂ ಸಾಕು. ಕರಗಿದ ಆಮ್ಲಜನಕವನ್ನು ಬೆಳಕಿನಿಂದ ಅಳೆಯುವ ಮಾಪಕಗಳಂತೂ ಈಗಾಗಲೇ ಮಾರುಕಟ್ಟೆಯಲ್ಲಿವೆ. ಹೊಳೆಯುವ ಒಂದು ಬಣ್ಣದ ಲೇಪ, ಆಮ್ಲಜನಕ ಜಾಸ್ತಿಯಾದಷ್ಟೂ ಅದರ ಹೊಳಪು ಕಮ್ಮಿ. ಅಷ್ಟೇ ಅದರ ಗುಟ್ಟು.

ಸೋತದ್ದನ್ನೂ ಪ್ರಕಟಿಸಿ. ಯಾವ ತಿಂಗಳು ಎಷ್ಟು ದಿನ ಕೆಟ್ಟಿತ್ತು, ಎಷ್ಟು ಸಲ ಸುಮ್ನೆ ಬೊಗಳಿತು, ಎಷ್ಟು ಸಲ ಬೊಗಳಬೇಕಾದಾಗ ಮಲಗಿತ್ತು, ಎಲ್ಲ. ಒಂದು ವರ್ಷ ಆದ ಮೇಲೆ ಇದು ನಮ್ಮ ನೀರಿಗೆ ಆಗಿಬರಲ್ಲ ಅಂತ ತೀರ್ಮಾನ ಆದರೆ, ನಾನೇ ಇನ್ನೊಂದು ಬಹಿರಂಗ ಪತ್ರ ಬರೆದು ಒಪ್ಪಿಕೊಳ್ಳುತ್ತೇನೆ. ಆಗಿಬಂದರೆ ಕೋಲಾರದವರ ಕೆರೆಗಳು ನೆನಪಿರಲಿ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅಲ್ಲಿಗೆ ಹೋಗಲು ಶುರುವಾಗಿ ಒಂದೇ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ಎಷ್ಟು ಗಲಾಟೆ ಆಯಿತು, ವಿಚಾರ ಹೈಕೋರ್ಟಿಗೂ ಹೋಯಿತು. ಅಲ್ಲಿ ನೀರು ಬರುವುದು ಪೈಪಿನಲ್ಲಿ, ಸಂಸ್ಕರಿಸಿದ ಮೇಲೆ. ಸೆನ್ಸರ್ ಕೂರಿಸಲು ಕೆಂಗೇರಿ ಮೋರಿಗಿಂತ ಎಷ್ಟೋ ಸಲೀಸಾದ ಜಾಗ.

ಕೊನೆಯದಾಗಿ, ಆ ಅಂಕಿ ಜನಕ್ಕೆ ಕಾಣಬೇಕು. ವೆಬ್‌ಸೈಟಿನಲ್ಲಿ ಎಲ್ಲೋ ಮೂಲೆಯಲ್ಲಿ ಹಾಕಿದರೆ ಅಕ್ಕನಿಗೆ ಕಾಣುವುದಿಲ್ಲ. ನಮ್ಮ ಡೇರಿ ಮುಂದೆ ಹಾಲಿನ ಅಂಕಿ ತೋರಿಸುವ ಜಾಗದ ಪಕ್ಕದಲ್ಲೇ ಒಂದು ಸಣ್ಣ ಬೋರ್ಡ್ ಹಾಕಿ. ಅವಳಿಗೆ ಮಿಲಿಗ್ರಾಂ ಬೇಡ. ಹಸಿರು, ಹಳದಿ, ಕೆಂಪು ದೀಪ ಸಾಕು.

ಈ ವಿಷಯ ಅವಳಿಗೆ ಹೇಳಿದಾಗ ನಾನು ಬೆಳಕು ಇಣುಕುವ ಕಥೆಯಿಂದ ಶುರು ಮಾಡಿದ್ದೆ. ಅವಳು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದವು, ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ನೀರು ಯಾವತ್ತು ಕೆಟ್ಟೈತೆ ಅಂತ ಮೊದ್ಲೇ ಗೊತ್ತಾದ್ರೆ ಆವತ್ತು ಮೋಟ್ರು ಹಾಕಲ್ಲ, ಅಷ್ಟೇ ಕಣಪ್ಪ."

ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಬರುವುದು ಬಹಳ ಸಲ ರಾತ್ರಿ. ಕೆಟ್ಟ ನೀರು ಬರುವುದೂ ರಾತ್ರಿ ಅಂತ ಊರಿನವರ ಗುಮಾನಿ. ಮೋಟ್ರು ಹಾಕುವ ಮೊದಲು ನೋಡಲು ನಮಗೆ ಸದ್ಯಕ್ಕೆ ಇರುವುದು ಟಾರ್ಚು ಮಾತ್ರ.

ಒಂದು ದಿನ ಬಿಡುವು ಮಾಡಿಕೊಂಡು ನಮ್ಮ ಡೇರಿಗೆ ಬನ್ನಿ. ಬೆಳಿಗ್ಗೆ ಆರಕ್ಕೆ ಬಂದರೆ ಹಾಲಿನ ಪರೀಕ್ಷೆ ನೋಡಬಹುದು. ಏಳಕ್ಕೆ ಕಾಲುವೆ ಹತ್ತಿರ ಹೋಗೋಣ. ತೂತು ಮಾಡಿದ ಬಾಟ್ಲಿ, ಲೇಸರ್, ಪರ್ಮಾಂಗನೇಟು ನಾನು ತರುತ್ತೇನೆ. ಮೂಗಿಗೆ ಕರವಸ್ತ್ರ ನೀವು ತನ್ನಿ.

ಇತಿ,
ಬೈರಮಂಗಲ ಕೆರೆಯ ಕೆಳಗಿನ ಊರಿನ
ಒಬ್ಬ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ